ಸಂಕ್ರಾಂತಿಗೊಂದು ಗುಡ್ಡದ ಫೋಟೋ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ. ಮಿರಜೆಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಚಿತ್ರದ ಕೆಳಗೆ ಅಕ್ಷರ ಬರೆಯುವುದು ಅವರಿಗೆ ಸೇರುತ್ತಿರಲಿಲ್ಲ. ಮದುವೆಯ ಫೋಟೋ ತೆಗೆಸಿದವರು ಕೆಳಗೆ ವರನ ಹೆಸರು, ವಧುವಿನ ಹೆಸರು, ತಿಥಿ ಹಾಕಿಕೊಡಿ ಎಂದರೆ, "ಯಾಕ್ರಿ, ನಿಮ್ಮ ಮಗಳ ಗುರುತು ನಿಮಗ ಹತ್ತೂದಿಲ್ಲೇನು?" ಎಂದು ಕೇಳಿ ಅವರ ಮುಖ ಸಣ್ಣದು ಮಾಡುತ್ತಿದ್ದರು. ಅಕ್ಷರ ಬೇಕೇ ಬೇಕೆಂದು ಹಟ ಹಿಡಿದವರನ್ನು ಪಕ್ಕದ ಓಣಿಯ ಬೋರ್ಡು ಬರೆಯುವವನ ಹತ್ತಿರ ಕಳಿಸುತ್ತಿದ್ದರು. ಒಂದೇ ಒಂದು ಸಲ ಅವರ ಮಾತು ಮೀರಿ ನಾನು ಅವರ ಚಿತ್ರಗಳ ಜತೆಗೆ ಅಕ್ಷರ ಕಳಿಸಿದೆ. ಅದರಿಂದ ಏನಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಧೈರ್ಯ ಬರಲು ಇಷ್ಟು ವರ್ಷ ಹಿಡಿಯಿತು.

ಸಂಸ್ಥಾನಗಳ ಕಾಲ ಅದು. ನಮ್ಮ ಕಡೆ ನಾಲ್ಕು ಹೆಜ್ಜೆ ನಡೆದರೆ ರಾಜ್ಯ ಬದಲಾಗುತ್ತಿತ್ತು. ಸಾಂಗ್ಲಿಗೊಬ್ಬ ದೊರೆ, ಮಿರಜೆಗೆ ಬೇರೆ, ನಡುನಡುವೆ ಸಣ್ಣಪುಟ್ಟ ಜಹಗೀರುಗಳು. ನಾನು ಮಿರಜೆಯ ಒಂದು ಮರಾಠಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆಯ ಮಾತು ಕನ್ನಡ. ಆದರೆ ಕನ್ನಡದಲ್ಲಿ ಹೊರಟ ವಾಕ್ಯ ಮರಾಠಿಯಲ್ಲಿ ಮುಗಿಯುವುದು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ನನಗೆ ಮಾತ್ರ ನನ್ನ ಮರಾಠಿಯ ಮೇಲೆ ಬಲು ಅಭಿಮಾನ. ಪುಣೆಯಲ್ಲಿ ಎರಡು ವರ್ಷ ಟ್ರೇನಿಂಗ್ ಮುಗಿಸಿ ಬಂದವನು. ಶಾಲೆಯಲ್ಲಿ ಮಕ್ಕಳು, ಅಜ್ಜ ಹೊಲಕ್ಕೆ ಹೋಗಿದ್ದಾನೆ ಎನ್ನಲು "ಆಬಾ ರಾನಾತ ಗೇಲಾಯ" ಎಂದರೆ ನಾನು ಬೆತ್ತವನ್ನು ಮೇಜಿಗೆ ಬಡಿದು ತಿದ್ದುತ್ತಿದ್ದೆ. ಹೊಲಕ್ಕೆ ಶೇತ ಎನ್ನಬೇಕು, ರಾನ ಎಂದರೆ ಕಾಡು, ಪುಸ್ತಕದಲ್ಲಿ ಹಾಗೇ ಇದೆ ಎಂದು ಹೇಳುತ್ತಿದ್ದೆ.

ಈ ಸುದ್ದಿಯನ್ನು ಯಾರೋ ಕಾಕಾನ ಕಿವಿಗೆ ಹಾಕಿದ್ದರು. ಆ ಫೋಟೋದವರನ್ನು ನಾನು ಕರೆಯುತ್ತಿದ್ದುದು ಕಾಕಾ ಎಂದೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಸಿಕ್ಕಾಗಲೆಲ್ಲ ಅದನ್ನೇ ಎತ್ತಿ ಕಾಡುತ್ತಿದ್ದರು. "ಏನ್ರಿ ಮಾಸ್ತರ, ಕುಪವಾಡದಿಂದ ಬೇಡಗದ ತನಕ ಎಲ್ಲಾರೂ ದಿನಾ ಮುಂಜಾನೆದ್ದು ಅಡವಿಗೆ ಹೋಗತಾರ ಅಂದಂಗಾತು. ಹಂಗಾರ ಜ್ವಾಳ ಯಾರ್ ಬೆಳೀತಾರ?"

"ಶುದ್ಧ ಭಾಷಾ ಅಂತ ಒಂದು ಇರಬೇಕಲ್ರಿ ಕಾಕಾ" ಎಂದು ನಾನು.

"ಇರಲಿ, ಇರಲಿ. ಆದ್ರ ಕೇಳಾವಗ ಏನ್ ಕೇಳತೈತಿ ಅಂಬೂದೂ ಇರಬೇಕು" ಎಂದು ನಕ್ಕು ಕತ್ತಲೆ ಕೋಣೆಗೆ ಹೋಗಿಬಿಡುತ್ತಿದ್ದರು.

ಅವರ ಮನೆತನ ಸಾಂಗ್ಲಿಯ ಪೇಟೆಯಲ್ಲಿ ಅರಿಶಿಣದ ವ್ಯಾಪಾರ ಮಾಡುವ ಲಿಂಗಾಯತರದು. ಅಣ್ಣಂದಿರು ಅಂಗಡಿ ಹಿಡಿದರು. ಕಡೆಯವರಾದ ಇವರು ಫೋಟೋದ ಹುಚ್ಚು ಹಿಡಿಸಿಕೊಂಡು ಮಿರಜೆಗೆ ಬಂದು, ತಂಬೂರಿ ಸಿತಾರು ಮಾಡುವವರ ಓಣಿಯಲ್ಲಿ ಒಂದು ಮಾಳಿಗೆ ಬಾಡಿಗೆಗೆ ಹಿಡಿದು ಸ್ಟುಡಿಯೋ ಇಟ್ಟರು. ಮಾಳಿಗೆಯ ಬಡಗಣ ಗೋಡೆಗೆ ದೊಡ್ಡ ಗಾಜು. ಅದರ ಬೆಳಕಿನಲ್ಲೇ ಕೆಲಸ. ಫೋಟೋದ ಗಾಜಿನ ಪ್ಲೇಟು ತೊಳೆಯುವ ಔಷಧದಿಂದ ಅವರ ಬೆರಳ ತುದಿಗಳು ಸದಾ ಕಪ್ಪು. "ನಮ್ಮ ಮನಿಯಾಗ ಎಲ್ಲಾರ ಕೈನೂ ಹಳದಿ, ಇವನದೊಂದ ಕರಿ" ಎಂದು ಅವರ ದೊಡ್ಡಣ್ಣ ಬಂದಾಗಲೆಲ್ಲ ಹೇಳುತ್ತಿದ್ದರು.

ಕ್ಯಾಮರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಒಂದು ಕಾಲು ಒಮ್ಮೆ ಮುರಿಯಿತು. ಕೆಳಗಿನ ಮನೆಯ ತಂಬೂರಿ ಮಾಡುವವರು ತಮ್ಮಲ್ಲಿದ್ದ ಕಟ್ಟಿಗೆಯಿಂದ ಹೊಸ ಕಾಲು ಮಾಡಿಕೊಟ್ಟರು. ಕೈ ಸುಮ್ಮನಿರಬೇಕಲ್ಲ, ಅದಕ್ಕೆ ಬಳ್ಳಿ ಎಲೆ ಕೆತ್ತಿ, ತಂಬೂರಿಗೆ ಹಚ್ಚುವ ಹೊಳಪು ಹಚ್ಚಿ ಕಳಿಸಿದರು. ಎರಡು ಕಾಲು ಬಡವರದು, ಒಂದು ಕಾಲು ಅರಮನೆಯದು. ಕಾಕಾ ಅದನ್ನು ಬದಲಿಸಲೇ ಇಲ್ಲ. ಬಂದವರಿಗೆ ತೋರಿಸಿ, "ಈ ಕಾಲಿಗಷ್ಟ ರಾಗ ತಿಳೀತೈತಿ" ಎನ್ನುತ್ತಿದ್ದರು.

ಗಿರಾಕಿಗಳ ಜತೆ ಅವರ ನಾಲಗೆ ಸ್ವಲ್ಪ ಚುರುಕು. ಒಬ್ಬ ಅರಿಶಿಣದ ವ್ಯಾಪಾರಿ ತಮ್ಮ ಫೋಟೋ ನೋಡಿ ಬಣ್ಣ ಕಪ್ಪಾಯಿತು, ಬ್ರಶ್ಶಿನಿಂದ ತುಸು ಬೆಳ್ಳಗೆ ಮಾಡಿಕೊಡಿ ಎಂದರು. "ಅಂಗಡಿಯಾಗ ಅರಿಶಿಣಕ್ಕ ಬಣ್ಣ ಕಲಸಿದ್ರ ನೀವು ಕೈಯಾಗ ಬಡಿಗಿ ತಗೋತೀರಿ. ನಾ ನಿಮ್ಮ ಮಾರಿಗೆ ಕಲಸಲೇನು?" ಎಂದರು ಕಾಕಾ. ಆ ವ್ಯಾಪಾರಿ ಸಿಟ್ಟಿನಿಂದ ಎದ್ದು ಹೋಗಿ, ಮರುದಿನ ಅದೇ ಫೋಟೋಗೆ ಆಳನ್ನು ಕಳಿಸಿದರು.

ಇವೆಲ್ಲ ಹೊಟ್ಟೆಪಾಡಿನ ಫೋಟೋಗಳಾದವು. ಅವರ ಜೀವ ಇದ್ದದ್ದು ವರ್ಷಕ್ಕೊಂದು ಫೋಟೋದಲ್ಲಿ. ಬೇಡಗ ದಾಟಿ ಮೂಡಣಕ್ಕೆ ನಡೆದರೆ ಒಂದು ಗುಡ್ಡ ಸಿಗುತ್ತದೆ. ಹೆಸರಾದ ಗುಡ್ಡವಲ್ಲ. ನಡುವಿನಲ್ಲಿ ಒಂದು ಈಶ್ವರನ ಗುಡಿ, ಗುಡಿಯ ಮುಂದೆ ಕಲ್ಲಿನ ದೀಪಮಾಲೆಯ ಕಂಬ, ಗುಡಿಯ ಕೆಳಗೆ ಬೇವು ಹುಣಸೆಗಳ ಒಂದು ತೋಪು, ತೋಪಿನ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಸೆಲೆ. ಮದುವೆಯಾದ ಮೊದಲನೆಯ ವರ್ಷ ಅವರು ಹೆಂಡತಿಯನ್ನು ಕರೆದುಕೊಂಡು ಆ ಗುಡಿಗೆ ಹೋಗಿದ್ದರು. ಆ ದಿನ ಸಂಕ್ರಾಂತಿ. ತೋಪಿನ ಅಂಚಿಗೆ ಆಕೆಯನ್ನು ನಿಲ್ಲಿಸಿ ಫೋಟೋ ತೆಗೆದರು. ಮರುವರ್ಷ ಅದೇ ದಿನ, ಅದೇ ಜಾಗದಲ್ಲಿ ಮತ್ತೊಂದು. ನಾಲ್ಕೈದು ವರ್ಷ ಹೀಗೇ ನಡೆದ ಮೇಲೆ ಆಕೆ, ನಾನು ಕಾಕು ಎಂದು ಕರೆಯುತ್ತಿದ್ದವರು, ಎಲ್ಲ ಫೋಟೋಗಳನ್ನು ನೆಲದ ಮೇಲೆ ಸಾಲಾಗಿ ಹರವಿಕೊಂಡು ಕುಳಿತು, "ನೋಡ್ರಿ ಇಲ್ಲೆ, ನಾ ದಪ್ಪಗಾಗೇನಿ, ಗುಡ್ಡ ಸೊರಗೇತಿ" ಎಂದರಂತೆ. ಹೆಂಡತಿಯ ಮುಖವನ್ನಷ್ಟೇ ನೋಡುತ್ತಿದ್ದ ಕಾಕಾ ಆಗ ಮೊದಲ ಸಲ ಆಕೆಯ ಹಿಂದಿದ್ದ ಗುಡ್ಡವನ್ನು ನೋಡಿದರು. ಬಲಗಡೆಯ ಹೆಗಲಿನಲ್ಲಿದ್ದ ಗಿಡಗಳು ಮಾಯವಾಗಿದ್ದವು. ಅಲ್ಲಿ ಗೆರೆಯಂಥ ಒಂದು ಕೊರಕಲು ಬಿದ್ದಿತ್ತು.

ಅಂದಿನಿಂದ ಆ ಫೋಟೋ ಹೆಂಡತಿಯದು ಹೋಗಿ ಗುಡ್ಡದ್ದಾಯಿತು. ಸಂಕ್ರಾಂತಿಯೇ ಯಾಕೆ, ಶ್ರಾವಣ ಸೋಮವಾರ ಹೋದರೆ ಪುಣ್ಯವೂ ಬರುತ್ತದಲ್ಲ ಎಂದು ನಾನು ಕೇಳಿದ್ದೆ. "ಬಾಕಿ ಹಬ್ಬ ಎಲ್ಲಾ ಚಂದ್ರನ ಹಿಂದ ಓಡ್ಯಾಡತಾವು ಮಾಸ್ತರ, ಈ ವರ್ಷ ಹಿಂದ, ಮುಂದಿನ ವರ್ಷ ಮುಂದ. ಸಂಕ್ರಾಂತಿ ಒಂದ ಸೂರ್ಯನ ಸಂಗಾಟ ಬರೂದು. ಅವತ್ತಿನ ನೆರಳು ಪ್ರತಿ ವರ್ಷ ಅಲ್ಲೇ ಬೀಳತೈತಿ. ನೆರಳು ಬದಲಾದ್ರ ಗುಡ್ಡ ಬದಲಾತೋ ಬಿಸಲು ಬದಲಾತೋ ಹೆಂಗ ತಿಳೀಬೇಕು?" ಎಂದರು.

ಕಾಕುವಿನ ಮೊಣಕಾಲು ಗುಡ್ಡ ಹತ್ತುವುದಿಲ್ಲ ಎಂದು ಹಟ ಹಿಡಿದ ವರ್ಷದಿಂದ ಆಕೆಯ ಜಾಗಕ್ಕೆ ನಾನು ಬಂದೆ. ಚಿತ್ರದಲ್ಲಿ ಒಬ್ಬ ಮನುಷ್ಯ ನಿಂತಿರಬೇಕು, ಇಲ್ಲದಿದ್ದರೆ ಗಿಡದ ಎತ್ತರ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ಒಂಬತ್ತು ಸಂಕ್ರಾಂತಿ ನಾನು ಅಲ್ಲಿ ನಿಂತೆ. ಬೇಡಗದವರೆಗೆ ಚಕ್ಕಡಿ, ಮುಂದೆ ನಡಿಗೆ. ಪ್ಲೇಟಿನ ಪೆಟ್ಟಿಗೆ ಅವರ ಹೆಗಲಿಗೆ, ಮೂರು ಕಾಲು ನನ್ನ ಹೆಗಲಿಗೆ, ಕಾಕು ಕಟ್ಟಿಕೊಟ್ಟ ಬುತ್ತಿ ಇಬ್ಬರ ನಡುವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಆ ಬುತ್ತಿಯ ವಾಸನೆ ನೆನಪಾದರೆ ನನಗೆ ಈಗಲೂ ಆ ದಾರಿಯ ಚಳಿ ಮೈಗೆ ತಾಗುತ್ತದೆ.

ಗುಡ್ಡದ ಬುಡದಲ್ಲಿ ಒಂದು ಹಾಸುಗಲ್ಲು ಇತ್ತು. ಸ್ಟ್ಯಾಂಡಿನ ಮೂರು ಕಾಲು ಪ್ರತಿ ವರ್ಷ ಅದೇ ಜಾಗದಲ್ಲಿ ಕೂರಲಿ ಎಂದು ಕಾಕಾ ಅದರ ಮೇಲೆ ಉಳಿಯಿಂದ ಮೂರು ಕುಳಿ ಹೊಡೆಸಿದ್ದರು. ಒಂದು ವರ್ಷ ಹೋಗಿ ನೋಡಿದರೆ ಮೂರು ಕುಳಿಗೂ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಕುರಿ ಮೇಯಿಸುವ ಹೆಣ್ಣುಮಕ್ಕಳು ಆ ಮೂರು ಕುಳಿ ನೋಡಿ, ಇದು ಮೂರು ಕಣ್ಣಿನ ದೇವರು ಎಂದು ಪೂಜೆ ಸುರು ಮಾಡಿಬಿಟ್ಟಿದ್ದರು. ಕಾಕಾ ಕುಂಕುಮ ಒರೆಸಿ, ಕೈ ಮುಗಿದು, ಸ್ಟ್ಯಾಂಡಿನ ಕಾಲು ಇಟ್ಟರು. ಫೋಟೋ ಆದ ಮೇಲೆ ಪುನಃ ಕುಂಕುಮ ಹಚ್ಚಿದರು. "ಯಾಕ್ರಿ ಕಾಕಾ, ಖರೇ ಹೇಳಬಾರದ ಅವರಿಗೆ?" ಎಂದೆ. "ದೇವರಂತ ಬಿಟ್ರ ಕಲ್ಲು ಯಾರೂ ಸರಸೂದಿಲ್ಲ. ನಂದೂ ಕೆಲಸ ಆತು, ಅವರದೂ ಆತು" ಎಂದರು. ಮುಂದಿನ ವರ್ಷದಿಂದ ಬುತ್ತಿಯ ಜತೆ ಒಂದು ಕುಂಕುಮದ ಡಬ್ಬಿಯೂ ಬರತೊಡಗಿತು.

ಸ್ಟ್ಯಾಂಡು ನಿಲ್ಲಿಸಿದ ಮೇಲೆ ಕೆಲಸ ನಿಧಾನ. ಮೊದಲನೆಯ ವರ್ಷದ ಫೋಟೋವನ್ನು ಕೈಯಲ್ಲಿ ಹಿಡಿದು ಒಮ್ಮೆ ಅದನ್ನು, ಒಮ್ಮೆ ಗುಡ್ಡವನ್ನು ನೋಡುವರು. ದೀಪಮಾಲೆಯ ತುದಿ ಹಿಂದಿನ ಬಂಡೆಯ ಬಿರುಕಿಗೆ ಸರಿಯಾಗಿ ಕೂತಿತೆಂದರೆ ಜಾಗ ಸರಿ. ಆಮೇಲೆ ಒಂದು ಕೋಲು ನಿಲ್ಲಿಸಿ, ಅದರ ನೆರಳು ಕಲ್ಲಿನ ಮೇಲೆ ಕೊರೆದ ಗೆರೆಗೆ ಬರುವವರೆಗೆ ಕಾಯುವರು. ಅಷ್ಟು ಹೊತ್ತೂ ನಾನು ಮೇಲೆ ತೋಪಿನ ಅಂಚಿನಲ್ಲಿ ನನ್ನ ಛತ್ರಿ ಊರಿಕೊಂಡು ನಿಂತಿರಬೇಕು. ಕರಿ ಬಟ್ಟೆಯೊಳಗಿನಿಂದ ಅವರ ದನಿ ಬರುತ್ತಿತ್ತು: "ಸ್ವಲ್ಪ ಎಡಕ್ಕ ಸರೀರಿ ಮಾಸ್ತರ, ಗಿಡಕ್ಕ ಅಡ್ಡ ಬಂದೀರಿ."

ಮನೆಗೆ ಬಂದು ಪ್ಲೇಟು ತೊಳೆದು ಪ್ರಿಂಟು ಆದ ಮೇಲೆ ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು, ಬಂದವರನ್ನೆಲ್ಲ ಕೂರಿಸಿ ಕೇಳುವರು: "ಏನ್ ಫರಕ ಕಾಣತೈತಿ?" ತಾವಾಗಿ ಹೇಳುತ್ತಿರಲಿಲ್ಲ. ನನಗೆ ಮೊದಲನೆಯ ಸಲ ಏನೂ ಕಾಣಲಿಲ್ಲ. ಎರಡೂ ಒಂದೇ ಎಂದೆ. "ಕುಂದ್ರಿ, ಚಾ ಕುಡೀರಿ, ಆಮ್ಯಾಲೆ ನೋಡ್ರಿ" ಎಂದರು. ಚಹಾ ಮುಗಿಯುವಷ್ಟರಲ್ಲಿ ಕೊರಕಲು ಕಂಡಿತು, ಅದಕ್ಕೊಂದು ಟಿಸಿಲು ಒಡೆದದ್ದು ಕಂಡಿತು, ಸೆಲೆಯಿಂದ ಇಳಿಯುವ ಹಸಿರು ಗೆರೆ ಮೊಳದಷ್ಟು ಕುಗ್ಗಿದ್ದು ಕಂಡಿತು. ನೋಡುವುದನ್ನು ನಾನು ಟ್ರೇನಿಂಗಿನಲ್ಲಿ ಕಲಿತಿರಲಿಲ್ಲ, ಅಲ್ಲಿ ಕಲಿತೆ.

ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಮೋಟಾರುಗಳ ಹಿಂದೆ ದೊಡ್ಡ ಡಬ್ಬಿಯಂಥದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಬಸ್ಸು ಓಡಿಸತೊಡಗಿದರು. ಇದ್ದಿಲು ಎಲ್ಲಿಂದ ಬರಬೇಕು? ಗುಡ್ಡ ಸೇರಿದ್ದ ಸಣ್ಣ ಜಹಗೀರಿನ ಕಚೇರಿ ಗುಡಿಯ ಕೆಳಗಿನ ತೋಪನ್ನು ಕಡಿಯಲು ಕೊಡುವುದೆಂದು ಡಂಗುರ ಸಾರಿಸಿತು. ಹರಕತ್ತು, ಎಂದರೆ ತಕರಾರು, ಇದ್ದವರು ಅರ್ಜಿ ಕೊಡಬೇಕು, ತೋಪು ಹಳೆಯ ಕಾಡೆಂದು ತೋರಿಸಿದರೆ ಕಡಿಯುವುದನ್ನು ಬಿಡಲಾಗುವುದು ಎಂದೂ ಅದರಲ್ಲಿ ಇತ್ತು. ಇಡೀ ಗುಡ್ಡದಲ್ಲಿ ಗಿಡ ಉಳಿದದ್ದು ಅದೊಂದೇ ಜಾಗ. ಅದು ಹೋದರೆ ಸೆಲೆಯೂ ಹೋಯಿತು.

ಅಷ್ಟು ವರ್ಷ ಹಬ್ಬಕ್ಕೊಂದು ಹವ್ಯಾಸವಾಗಿದ್ದದ್ದು ಈಗ ಸಾಕ್ಷಿಯಾಗಬೇಕಾಯಿತು. ಕಾಕಾ ಹನ್ನೆರಡು ಫೋಟೋ ಆರಿಸಿದರು. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ, "ಒಯ್ದು ಕೊಡ್ರಿ. ನೋಡಿದ್ರ ತಿಳೀತೈತಿ" ಎಂದರು.

ನಾನು ಒಪ್ಪಲಿಲ್ಲ. "ಕಚೇರಿ ಕಾಗದ ಕಾಕಾ, ಜೋಡಿ ಒಂದು ಯಾದಿ ಇರಬೇಕು. ಒಂದನೇದು ಇಂಥಾ ವರ್ಷದ್ದು, ಅದರಾಗ ಇಂಥಾದ್ದು ಐತಿ ಅಂತ ಬರದ ಕೊಡಬೇಕು."

"ಯಾದಿ ಕೊಟ್ರ ಯಾದೀನ ಓದತಾರ. ಗಂಟು ಬಿಚ್ಚೂದಿಲ್ಲ."

"ಯಾದಿ ಇಲ್ಲಂದ್ರ ತಗೊಳ್ಳೂದ ಇಲ್ರಿ!"

ಬಹಳ ಹೊತ್ತು ವಾದವಾಯಿತು. ಕೊನೆಗೆ ಅವರು ಸೋತವರಂತೆ, "ಬರೀರಿ ಹಂಗಾರ. ಆದ್ರ ಭಾಳ ಬರೀಬ್ಯಾಡ್ರಿ. ಇಲ್ಲೆ ಮೊದಲಿಂದ ಗಿಡ ಇದ್ದವು, ಅಷ್ಟ ಬರೀರಿ" ಎಂದರು.

ಗಿಡ. ನಮ್ಮ ಕಡೆಯ ಕನ್ನಡದಲ್ಲಿ ಆಳೆತ್ತರದ್ದೂ ಗಿಡ, ಮುಗಿಲೆತ್ತರದ್ದೂ ಗಿಡ. ಮರಾಠಿಯಲ್ಲಿ ಅದಕ್ಕೆ ಝಾಡ ಎಂಬ ನೇರವಾದ ಮಾತಿದೆ. ಎರಡು ವರ್ಷದ ಕೂಸಿಗೂ ಗೊತ್ತು. ಆದರೆ ಪುಣೆಯಲ್ಲಿ ಕಲಿತು ಬಂದವನು ಕಚೇರಿಗೆ ಬರೆಯುವಾಗ ಝಾಡ ಎಂದು ಬರೆಯುವುದೇ? ನಾನು ಕೆತ್ತಿದಂಥ ಅಕ್ಷರದಲ್ಲಿ ಬರೆದೆ: ಯೇಥೇ ಪೂರ್ವೀಪಾಸೂನ ರಾನ ಹೋತೇ. ಇಲ್ಲಿ ಹಿಂದಿನಿಂದಲೂ ಕಾಡು ಇತ್ತು ಎಂದು ನನ್ನ ಅರ್ಥ. ಕೆಳಗೆ ಸಹಿ ಹಾಕಿದೆ. ಕಾಕಾನಿಗೆ ಓದಿ ತೋರಿಸುವ ಗೋಜಿಗೂ ಹೋಗಲಿಲ್ಲ.

ಕಚೇರಿಯಲ್ಲಿ ಅದನ್ನು ಓದಿದ ಕಾರಕೂನ ಕವಲಾಪುರದ ಕಡೆಯ ರೈತನ ಮಗ. ಅವನಿಗೆ ಹುಟ್ಟಿದಂದಿನಿಂದ ರಾನ ಎಂದರೆ ಹೊಲ. ಅರ್ಜಿದಾರರೇ ಇಲ್ಲಿ ಹಿಂದಿನಿಂದ ಹೊಲ ಇತ್ತೆಂದು ಬರೆದುಕೊಟ್ಟಿದ್ದಾರೆ, ಆದ್ದರಿಂದ ಇದು ಕಾಡಲ್ಲ, ಗಿಡಗಳು ನಡುವೆ ಬೆಳೆದದ್ದು, ಕಡಿಯಲು ಅಡ್ಡಿಯಿಲ್ಲ ಎಂದು ಷರಾ ಹಾಕಿ ಮೇಲೆ ಕಳಿಸಿದ. ಮೇಲಿನವರು ಸಹಿ ಮಾಡಿದರು. ಮೇ ತಿಂಗಳ ಕೊನೆಗೆ ನಾನು ಕಾಗದ ತರಲು ಹೋದಾಗ ಆ ಷರಾ ಓದಿದೆ. ಫೋಟೋದ ಗಂಟನ್ನು ಹಿಂದೆ ಕೊಟ್ಟರು. ಕಾಕಾ ಕಟ್ಟಿದ ದಾರ ಹಾಗೇ ಇತ್ತು.

ದಾರಿಯಲ್ಲಿ ಮುಂಗಾರಿನ ಮೊದಲ ಹನಿಗಳು ಬಿದ್ದವು. ಛತ್ರಿ ಬಿಚ್ಚಿಕೊಂಡೇ ಸ್ಟುಡಿಯೋಕ್ಕೆ ಹೋದೆ. ಕಾಕಾ ಪ್ಲೇಟು ತೊಳೆಯುತ್ತಿದ್ದರು. ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು.

"ಬಿಚ್ಚೇ ಇಲ್ಲ?"

"ಇಲ್ರಿ. ಅರ್ಜಿ ನಾಮಂಜೂರ ಆತು."

"ಯಾದಿ ಓದಿದ್ರೇನು?"

"ಓದ್ಯಾರ."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳದ್ದರಿಂದ ನಾನು ಹೇಳಲಿಲ್ಲ. ಗಂಟನ್ನು ಅಲ್ಲಿಟ್ಟು, ಶಾಲೆಯ ಕೆಲಸವಿದೆ ಎಂದು ತಡಬಡಿಸಿ ಮೆಟ್ಟಿಲಿಳಿದು ಬಂದೆ. ಮಳೆ ನಿಂತಿತ್ತು, ಛತ್ರಿಯನ್ನು ಅಲ್ಲೇ ಮೂಲೆಯಲ್ಲಿ ಬಿಟ್ಟು ಬಂದದ್ದು ಮನೆ ಮುಟ್ಟಿದ ಮೇಲೆ ನೆನಪಾಯಿತು. ಅದನ್ನು ತರಲು ನಾನು ಹೋಗಲಿಲ್ಲ.

ತೋಪು ಕಡಿದರು. ದೀಪಾವಳಿಯ ಹೊತ್ತಿಗೆ ಇದ್ದಿಲಿನ ಚೀಲ ಹೇರಿದ ಚಕ್ಕಡಿಗಳು ಮಿರಜೆಯ ದಾರಿಯಲ್ಲಿ ಸಾಲಾಗಿ ಬರುತ್ತಿದ್ದವು. ಮರುವರ್ಷ ಸಂಕ್ರಾಂತಿಗೆ ಮೊದಲು ನನಗೆ ಜ್ವರ ಬಂತು ಎಂದು ಹೇಳಿ ಕಳಿಸಿದೆ. ಅದರ ಮುಂದಿನ ವರ್ಷ ಹೆಂಡತಿಯ ತವರಿಗೆ ಹೋದೆ. ಮೂರನೆಯ ವರ್ಷದಿಂದ ನೆಪ ಹೇಳುವುದನ್ನೂ ಬಿಟ್ಟೆ. ಆ ಬೋಳಾದ ಜಾಗದಲ್ಲಿ ಹೇಗೆ ನಿಲ್ಲಲಿ? ಪ್ರತಿ ಸಂಕ್ರಾಂತಿಯ ಸಂಜೆ ಕಾಕು ತಪ್ಪದೆ ಕುಸುರೆಳ್ಳು ಕಳಿಸುತ್ತಿದ್ದರು. ಕಾಕಾ ಪೇಟೆಯಲ್ಲಿ ಎದುರಾದರೆ ಕಿಸೆಯಿಂದ ನಾಲ್ಕು ಕಾಳು ತೆಗೆದು ನನ್ನ ಕೈಗಿಟ್ಟು, ಹಬ್ಬದ ಮಾತು ಆಡುತ್ತಿದ್ದರು: "ತಿಳಗೂಳ ಘ್ಯಾ, ಗೋಡ ಬೋಲಾ." ಎಳ್ಳುಬೆಲ್ಲ ತಗೊಂಡು ಸಿಹಿ ಮಾತಾಡು ಎಂದು. ಅವರು ಒಮ್ಮೆ ಬೈದುಬಿಟ್ಟಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

ಕೊನೆಯ ವರ್ಷ ಮಿರಜೆಯ ಸ್ಟೇಶನ್ನಿನ ಮುಂದೆ ಸಿಕ್ಕಿದರು. ಬಹಳ ಸೋತಿದ್ದರು. ಟಾಂಗಾದ ಗಾಲಿ ಹಿಡಿದುಕೊಂಡು ನಿಂತು, "ಮಾಸ್ತರ, ಒಂದ ಸಲ ಬರ್ರಿ ಗುಡ್ಡಕ್ಕ. ನೋಡೂ ಹಂಗ ಐತಿ" ಎಂದರು. ಬರುತ್ತೇನೆ ಎಂದೆ. ಹೋಗಲಿಲ್ಲ. ಆ ಆಷಾಢದಲ್ಲಿ ಅವರು ತೀರಿಕೊಂಡರು.

ಹದಿಮೂರನೆಯ ದಿನ ಕಳೆದ ಮೇಲೆ ಕಾಕು ನನಗೆ ಹೇಳಿ ಕಳಿಸಿದರು. ಹೋದೆ. ಆಕೆ ಒಳಗಿನಿಂದ ಮೊದಲು ತಂದದ್ದು ನನ್ನ ಛತ್ರಿ. ಹಿಡಿಕೆಗೆ ನನ್ನ ಹೆಂಡತಿ ಸುತ್ತಿದ್ದ ಕೆಂಪು ಬಟ್ಟೆ ಬಿಸಿಲಿಗೆ ಮಾಸಿತ್ತು.

"ಒಯ್ಯಿರಿ ಮಾ‌ಸ್ತರ. ನಾಕ ವರ್ಷಾತು. ಯಾರಿಗೂ ಮುಟ್ಟಗೊಡತಿರಲಿಲ್ಲ, ಮಾಸ್ತರ ಬಂದು ಒಯ್ತಾರ ಅಂತಿದ್ರು" ಎಂದರು. ಆಮೇಲೆ ಒಂದು ಲಕೋಟೆ ಕೊಟ್ಟರು. "ಇದನ್ನೂ ನಿಮಗ ಕೊಡು ಅಂದಾರ."

ಒಳಗೆ ನಾಲ್ಕು ಫೋಟೋ. ನಾನು ಹೋಗದ ನಾಲ್ಕು ಸಂಕ್ರಾಂತಿಗಳವು. ಅದೇ ದೀಪಮಾಲೆ, ಅದೇ ಬಿರುಕು, ಅದೇ ನೆರಳು. ತೋಪಿನ ಜಾಗದಲ್ಲಿ ಬರೀ ಬೊಡ್ಡೆಗಳು. ನಾನು ನಿಲ್ಲುತ್ತಿದ್ದ ಜಾಗದಲ್ಲಿ, ನಾಲ್ಕು ಕಲ್ಲುಗಳ ನಡುವೆ, ನನ್ನ ಛತ್ರಿಯನ್ನು ನೆಟ್ಟಗೆ ನಿಲ್ಲಿಸಿದ್ದರು. ಬೇರೆ ಯಾರನ್ನೂ ನಿಲ್ಲಿಸಿರಲಿಲ್ಲ. ನಾಲ್ಕನ್ನೂ ಸಾಲಾಗಿ ಇಟ್ಟು, ಅವರು ಕಲಿಸಿದ ಹಾಗೆ ನಿಧಾನವಾಗಿ ನೋಡಿದೆ. ಮೊದಲನೆಯದರಲ್ಲಿ ಛತ್ರಿಯ ಪಕ್ಕದ ಬೇವಿನ ಬೊಡ್ಡೆ ಒಣಗಿತ್ತು. ಎರಡನೆಯದರಲ್ಲಿ ಬೊಡ್ಡೆಯ ಪಕ್ಕದಿಂದ ಒಂದು ಚಿಗುರು. ಮೂರನೆಯದರಲ್ಲಿ ಅದು ಹಿಡಿಕೆಯ ಕೆಂಪು ಬಟ್ಟೆಯವರೆಗೆ ಬಂದಿತ್ತು. ನಾಲ್ಕನೆಯದರಲ್ಲಿ ಛತ್ರಿ ಅದರ ನೆರಳಿನಲ್ಲಿ ನಿಂತಿತ್ತು. ಆ ಫೋಟೋವನ್ನು ತಿರುಗಿಸಿದೆ. ಜೀವಮಾನವಿಡೀ ಚಿತ್ರದ ಮೇಲೆ ಅಕ್ಷರ ಬರೆಯದವರು ಹಿಂಬದಿಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಮಾತು ಬರೆದಿದ್ದರು.

ಗಿಡ.

ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನಾನು ಯಾವ ಮಾತು ಬರೆಯಬೇಕಿತ್ತು, ಯಾವುದನ್ನು ಬರೆದೆ, ಎಲ್ಲವೂ. ಕಾಕುವಿನ ಎದುರಿಗೇ ಅತ್ತುಬಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. "ಅವರು ಕಚೇರಿಗೆ ಹೋಗಿ ಆ ಷರಾ ಓದಿ ಬಂದು ನನಗ ಹೇಳಿದ್ರು. ನೀವ ಹೇಳಲಿ ಅಂತ ಕಾಯತಿದ್ರು" ಎಂದರು ಆಕೆ.

ಆ ಹೊತ್ತಿಗೆ ಸಂಸ್ಥಾನಗಳು ಉಳಿಯುವುದಿಲ್ಲ ಎಂಬ ಮಾತು ಎಲ್ಲ ಕಡೆ ನಡೆದಿತ್ತು. ಜಹಗೀರಿನ ಕಚೇರಿಯಲ್ಲಿ ಹೊಸ ಸರಕಾರಕ್ಕೆ ಒಪ್ಪಿಸಲು ದಫ್ತರಗಳನ್ನು ನಕಲು ಮಾಡುತ್ತಿದ್ದರು. ಆ ಇಳಿಜಾರು ಹೊಸ ದಫ್ತರದಲ್ಲೂ ಹೊಲ ಎಂದೇ ಇಳಿದರೆ, ಉಳುವುದಕ್ಕೆ ಕೊಟ್ಟು, ಬೊಡ್ಡೆಗಳನ್ನು ಬೇರುಸಹಿತ ಕೀಳುವರು. ನಾನು ಕಾಕುವಿನಿಂದ ಹಳೆಯ ಗಂಟು ಇಸಿದುಕೊಂಡು, ಹದಿನಾರೂ ಫೋಟೋಗಳನ್ನು, ಹಳೆಯ ಹನ್ನೆರಡು, ಹೊಸ ನಾಲ್ಕು, ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದೆ.

ಅದೇ ಕವಲಾಪುರದ ಕಾರಕೂನ ಕುಳಿತಿದ್ದ. ಆಗಿನ ಷರಾ ತಪ್ಪಾಗಿದೆ, ನಾನು ರಾನ ಎಂದು ಬರೆದದ್ದು ಕಾಡಿಗೆ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ರಾನ ಮ್ಹಣಜೇ ಶೇತ, ಮಾಸ್ತರ. ಕೋಣತ್ಯಾಹೀ ಪೋರಾಲಾ ವಿಚಾರಾ." ಯಾವ ಹುಡುಗನನ್ನಾದರೂ ಕೇಳಿ ನೋಡಿ ಎಂದ. ಆ ಹುಡುಗರನ್ನೇ ನಾನು ಬೆತ್ತ ಬಡಿದು ತಿದ್ದಿದ್ದು.

ಗಂಟನ್ನು ಅವನ ಮುಂದಿಟ್ಟೆ.

"ಯಾದೀ ಕುಠೇ ಆಹೇ?" ಯಾದಿ ಎಲ್ಲಿ ಎಂದ.

"ನಾಹೀ," ಇಲ್ಲ ಎಂದೆ. ಗಂಟು ಬಿಚ್ಚಿ ನೋಡಿ ಎಂದೆ.

ಗೊಣಗುತ್ತ ದಾರ ಬಿಚ್ಚಿದ. ಒಂದೊಂದಾಗಿ ತೆಗೆದು ಜಮಖಾನೆಯ ಮೇಲೆ ಇಡತೊಡಗಿದ. ನಾಲ್ಕನೆಯದಕ್ಕೆ ಅವನ ಗೊಣಗಾಟ ನಿಂತಿತು. ಎಂಟನೆಯದಕ್ಕೆ ಕನ್ನಡಕ ಹಾಕಿಕೊಂಡ. ಹನ್ನೆರಡೂ ಮುಗಿದ ಮೇಲೆ ತೋಪಿನ ಮೇಲೆ ಬೆರಳಿಟ್ಟು ತಲೆಯೆತ್ತಿದ.

"ಅಹೋ ಮಾಸ್ತರ, ಹೀ ತರ ಝಾಡಂ ಆಹೇತ!"

ಇವು ಗಿಡಗಳಲ್ಲವೇ ಎಂದು. ಹೌದು ಎಂದೆ. ಅವನು ಹಳೆಯ ಕಾಗದ ತರಿಸಿ, ರಾನ ಎಂಬ ಮಾತಿನ ಮೇಲೆ ಗೆರೆ ಎಳೆದು, ಝಾಡೇ ಎಂದು ಬರೆದ. ಪಕ್ಕದಲ್ಲಿ, ತಪ್ಪು ಬರೆದವನು ನಾನೇ ಎಂದು ಬರೆದು ಸಹಿ ಹಾಕಿದೆ. ಹೊಸ ನಕಲಿನಲ್ಲಿ ಆ ಇಳಿಜಾರು ಗಿಡಗಳ ಜಾಗವೆಂದೇ ಇಳಿಯಿತು. ಕಡಿದುಹೋದದ್ದು ಇದರಿಂದ ಬರಲಿಲ್ಲ ಎಂಬುದು ನನಗೆ ಗೊತ್ತು.

ಆ ಸಂಕ್ರಾಂತಿಗೆ ಕಾಕುವಿನಿಂದ ಕ್ಯಾಮರಾ ಕೇಳಿ ಪಡೆದು, ಸಾಂಗ್ಲಿಯ ಒಬ್ಬ ಫೋಟೋದವನನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಬುತ್ತಿಯ ಜತೆ ಕಾಕು ನೆನಪಿನಿಂದ ಕುಂಕುಮದ ಡಬ್ಬಿ ಇಟ್ಟಿದ್ದರು. ಕುಳಿಗಳನ್ನು ಒರೆಸಿ ಸ್ಟ್ಯಾಂಡು ನಿಲ್ಲಿಸಿ, ದೀಪಮಾಲೆಯನ್ನೂ ಬಿರುಕನ್ನೂ ಅವನಿಗೆ ತೋರಿಸಿಕೊಟ್ಟು, ಮೇಲೆ ಹತ್ತಿ ನನ್ನ ಹಳೆಯ ಜಾಗದಲ್ಲಿ ಛತ್ರಿ ಊರಿಕೊಂಡು ನಿಂತೆ. ಬೇವಿನ ಎಲೆಗಳು ನನ್ನ ಟೋಪಿಗೆ ತಾಗುತ್ತಿದ್ದವು. ಕೆಳಗೆ ಆ ಮನುಷ್ಯ ಕರಿ ಬಟ್ಟೆಯೊಳಗೆ ತಲೆ ಹಾಕಿದ. ನಮ್ಮ ಕಾಕಾನನ್ನು ಅವನು ಒಮ್ಮೆಯೂ ಕಂಡವನಲ್ಲ.

"ಸ್ವಲ್ಪ ಎಡಕ್ಕ ಸರೀರಿ ಮಾಸ್ತರ" ಎಂದು ಒಳಗಿನಿಂದ ಕೂಗಿದ. "ಗಿಡಕ್ಕ ಅಡ್ಡ ಬಂದೀರಿ."

ಸರಿದು ನಿಂತೆ.